ಪಂಥ ಎಂದವರು ಯಾರು? ಕ್ರೈಸ್ತ ಚರಿತ್ರೆಯ ಒಂದು ದಲಿತ ಓದು

1

ನಮ್ಮ ಸೋದರತ್ತೆ ತೀರಿಕೊಂಡದ್ದು ಒಂದು ಮಳೆಗಾಲದ ರಾತ್ರಿ. ಕೋಲಾರದ ಕಡೆಯ ನಮ್ಮ ಕೇರಿಯಿಂದ ಚಿನ್ನದ ಗಣಿಯ ಲೈನುಮನೆಗೆ ಮದುವೆಯಾಗಿ ಹೋದವಳು. ಮಾವ ಗಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಊರಿಗೆ ವಾಪಸು ಬಂದಳು. ಬರುವಾಗ ಒಂದು ತಗಡಿನ ಪೆಟ್ಟಿಗೆ, ಒಂದು ಬೈಬಲ್ಲು ತಂದಿದ್ದಳು. ಓದಲು ಬಾರದ ಅತ್ತೆ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಭಾನುವಾರ ಬಂದರೆ ಪೇಟೆಯ ಒಂದು ಶೀಟಿನ ಮನೆಯಲ್ಲಿ ನಡೆಯುವ ಪ್ರಾರ್ಥನೆಗೆ ಹೋಗುತ್ತಿದ್ದಳು. ಅಲ್ಲಿ ಸೇರುತ್ತಿದ್ದವರು ಇಪ್ಪತ್ತು ಮೂವತ್ತು ಜನ. ಕಸ ಗುಡಿಸುವವರು, ಕಲ್ಲು ಒಡೆಯುವವರು, ಬೀಡಿ ಕಟ್ಟುವ ಹೆಂಗಸರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸೇರಿ ಅನ್ನ ಸಾರು ಉಣ್ಣುತ್ತಿದ್ದರು. "ಅಲ್ಲಿ ನನ್ನನ್ನ ಅಮ್ಮಾ ಅಂತ ಕರೀತಾರೆ ಕಣಪ್ಪಾ" ಅನ್ನುತ್ತಿದ್ದಳು. ಅತ್ತೆಯ ದೇವಮೀಮಾಂಸೆ ಅಷ್ಟೇ.

ಬೆಳಿಗ್ಗೆ ಹೆಣ ಎತ್ತುವ ಮಾತು ಬಂತು. ಊರಿನ ಹಿರೀಕರು, "ಅವಳು ಕಿಲಸ್ತಾನದೋಳಾದಳಲ್ಲ, ಅವರ ಮಣ್ಣಿಗೇ ಒಯ್ಯಿರಿ" ಅಂದರು. ನಾನು, ನನ್ನ ತಮ್ಮ ಮಳೆಯಲ್ಲೇ ಪೇಟೆಯ ದೊಡ್ಡ ಚರ್ಚಿಗೆ ಹೋದೆವು. ಅಲ್ಲಿನ ಕಮಿಟಿಯ ಹಿರಿಯರೊಬ್ಬರು ಕೂರಿಸಿ ಕಾಫಿ ಕೊಟ್ಟರು. ಅತ್ತೆ ಯಾವ ಸಭೆಗೆ ಹೋಗುತ್ತಿದ್ದಳು ಎಂದು ಕೇಳಿದರು. ಹೇಳಿದೆ. ಅವರ ಮುಖ ಬದಲಾಯಿತು. "ಅವರು ಕ್ರೈಸ್ತರಲ್ಲಪ್ಪಾ, ಅದೊಂದು ಪಂಥ. ಕಲ್ಟು ಅಂತಾರೆ ಅದನ್ನ. ನಮ್ಮ ರಿಜಿಸ್ಟರಿನಲ್ಲಿ ಹೆಸರಿಲ್ಲ, ನಮ್ಮ ಸ್ಮಶಾನದಲ್ಲಿ ಜಾಗ ಇಲ್ಲ" ಅಂದರು. ಹಾಗೆ ಹೇಳಿದವರ ತಾತ ಯಾವ ಕೇರಿಯಿಂದ ಬಂದವರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಇಬ್ಬರೂ ಕಾಫಿ ಲೋಟ ನೋಡುತ್ತಾ ಕೂತೆವು.

ಅವತ್ತಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ. ಈಚೆಗೆ ಒಂದು ಅಧ್ಯಯನ ಶಿಬಿರದಲ್ಲಿ ಹುಡುಗನೊಬ್ಬ ಎದ್ದು, "ಸಾರ್, ಕ್ರೈಸ್ತ ಅನ್ನೋದು ಧರ್ಮವಾ, ಪಂಥವಾ? ಮೋಸದ ಕೂಟ ಅಂತ ನಮ್ಮೂರಲ್ಲಿ ಹೇಳ್ತಾರೆ" ಎಂದು ಕೇಳಿದ. ಆಗ ನಾನು ತಡವರಿಸಿದೆ. ಈ ಬರಹ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ. ನಾನು ಕ್ರೈಸ್ತನಲ್ಲ, ಆಗುವ ಇರಾದೆಯೂ ಇಲ್ಲ. ಆದರೆ ಒಂದು ಪದ ಒಬ್ಬ ಹೆಂಗಸಿನ ಆರಡಿ ಮಣ್ಣನ್ನು ಕಿತ್ತುಕೊಳ್ಳಬಲ್ಲದಾದರೆ ಆ ಪದದ ಚರಿತ್ರೆಯನ್ನು ನಾವು ಕೇಳಲೇಬೇಕು.

2

ಪದದಿಂದಲೇ ಶುರು ಮಾಡೋಣ. ಕಲ್ಟ್ ಎಂಬುದರ ಬೇರು ಲ್ಯಾಟಿನ್ನಿನ ಕುಲ್ಟುಸ್. ಅದರ ಹಿಂದಿರುವುದು ಉಳುಮೆ ಮಾಡು, ಜತನದಿಂದ ನೋಡಿಕೋ ಎಂಬ ಅರ್ಥದ ಕ್ರಿಯಾಪದ. ದೇವರನ್ನು ನೋಡಿಕೊಳ್ಳುವುದೂ ಹೊಲವನ್ನು ನೋಡಿಕೊಳ್ಳುವುದೂ ಆ ಭಾಷೆಯಲ್ಲಿ ಒಂದೇ ಮಾತು. ಅದರಲ್ಲಿ ಬೈಗುಳ ಇರಲಿಲ್ಲ. ಇನ್ನೊಂದು ಪದ ಗ್ರೀಕಿನ ಹೈರೆಸಿಸ್. ಮೂಲದಲ್ಲಿ ಅದರ ಅರ್ಥ ಆಯ್ಕೆ. ತಾನಾಗಿ ಆರಿಸಿಕೊಂಡ ಚಿಂತನೆಯ ಗುಂಪಿಗೂ ಅದೇ ಹೆಸರು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಮೇಲೆ ಆರೋಪ ಹೊರಿಸುವ ವಕೀಲ, ಇವನು ನಜರೇತಿನವರ ಪಂಥದ ಮುಂದಾಳು ಎನ್ನುವಾಗ ಬಳಸುವುದು ಈ ಪದವನ್ನೇ. ಮುಂದೆ ಇದೇ ಪದದಿಂದ ಧರ್ಮದ್ರೋಹ ಎಂಬ ಅರ್ಥದ ಹೆರೆಸಿ ಹುಟ್ಟಿತು. ಆರಿಸಿಕೊಳ್ಳುವುದೇ ಅಪರಾಧ ಎಂಬ ತೀರ್ಪು ಪದದ ಹೊಟ್ಟೆಯೊಳಗೇ ಸೇರಿಕೊಂಡಿತು.

ಇದು ಯುರೋಪಿನ ಕಥೆ ಮಾತ್ರ ಎಂದು ನಾವು ಹಗುರವಾಗಬೇಕಿಲ್ಲ. ಅಶೋಕನ ಶಾಸನಗಳಲ್ಲಿ ಪಾಸಂಡ ಎಂಬ ಪದವಿದೆ. ಅಲ್ಲಿ ಅದು ಯಾವುದೇ ಪಂಥಕ್ಕೆ ಹೇಳುವ ಸಾದಾ ಮಾತು. ಎಲ್ಲ ಪಾಸಂಡಗಳನ್ನೂ ಗೌರವಿಸಿ ಎಂಬುದು ಅವನ ಹನ್ನೆರಡನೆಯ ಬಂಡೆ ಶಾಸನದ ತಿರುಳು. ಅದೇ ಪದ ಪುರಾಣಗಳಿಗೆ ಬರುವ ಹೊತ್ತಿಗೆ ಪಾಷಂಡಿಯಾಯಿತು, ವೇದ ಒಪ್ಪದ ಬೌದ್ಧ ಜೈನರನ್ನು ಬೈಯುವ ಮಾತಾಯಿತು. ಈ ಹನ್ನೆರಡನೆಯ ಶಾಸನದ ಒಂದು ಪ್ರತಿ ಸಿಕ್ಕಿದ್ದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, 1986ರಲ್ಲಿ. ಆ ಕಲ್ಲನ್ನು ದೇವಿಯ ವಿಗ್ರಹಕ್ಕೆ ಪೀಠವಾಗಿ ಬಳಸಿದ್ದರು. ಪಂಥಗಳನ್ನು ಗೌರವಿಸಿ ಎಂದ ಮಾತಿನ ಮೇಲೆ ಎಷ್ಟೋ ಕಾಲ ದೇವರನ್ನು ಕೂರಿಸಲಾಗಿತ್ತು. ಓದುವವರೇ ಇಲ್ಲದ ಮೇಲೆ ಶಾಸನವೂ ಬರೀ ಕಲ್ಲು.

ಒಂದು ಗುಂಪಿಗೆ ಪಂಥ ಎಂದು ಮೂಗು ಮುರಿದು ಹೇಳುವವರು ಎಲ್ಲ ಕಾಲದಲ್ಲೂ ಮೇಲಿನಿಂದ ಹೇಳಿದ್ದಾರೆ. ರೋಮಿನ ಮೇಲ್ವರ್ಗದವರು ಮೊದಲ ಕ್ರೈಸ್ತರನ್ನು ಧರ್ಮದವರು ಎಂದು ಕರೆಯಲಿಲ್ಲ. ಟ್ಯಾಸಿಟಸ್‌ಗೆ ಅದು ಕೆಟ್ಟ ಮೂಢನಂಬಿಕೆ. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯಾದ ರಾಜ್ಯಪಾಲ ಪ್ಲಿನಿ, ಇವರನ್ನು ಏನು ಮಾಡಲಿ ಎಂದು ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ವಿಚಾರಿಸಿದಾಗ ಅವನಿಗೆ ತಿಳಿದದ್ದಿಷ್ಟು: ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನಿಗೆ ಹಾಡು ಹೇಳುತ್ತಾರೆ, ಕದಿಯುವುದಿಲ್ಲ ವಂಚಿಸುವುದಿಲ್ಲ ಎಂದು ಆಣೆ ಇಡುತ್ತಾರೆ, ಮತ್ತೆ ಸೇರಿ ಊಟ ಮಾಡುತ್ತಾರೆ, ಸಾಮಾನ್ಯವಾದ ಊಟ. ಇದರಲ್ಲಿ ಏನೋ ಗುಟ್ಟಿರಬೇಕು ಎಂದು ಅವನಿಗೆ ಅನುಮಾನ. ಸಭೆಯ ಸೇವಕಿಯರು ಎನಿಸಿಕೊಂಡಿದ್ದ ಇಬ್ಬರು ಗುಲಾಮ ಹೆಂಗಸರನ್ನು ಹಿಡಿಸಿ ಚಿತ್ರಹಿಂಸೆ ಕೊಡಿಸಿದ. ಏನೂ ಸಿಗಲಿಲ್ಲ. ಅತಿರೇಕದ ಮೂಢನಂಬಿಕೆ, ಅಷ್ಟೇ ಎಂದು ಬರೆದು ಕೈತೊಳೆದುಕೊಂಡ. ಆ ಇಬ್ಬರು ಹೆಂಗಸರ ಹೆಸರನ್ನು ಅವನು ಬರೆಯಲಿಲ್ಲ.

ಇನ್ನೂ ಸ್ಪಷ್ಟವಾಗಿ ಬೈದವನು ಕೆಲ್ಸಸ್ ಎಂಬ ಪಂಡಿತ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ಅವನ ಪುಸ್ತಕ ಉಳಿದಿಲ್ಲ. ಅವನನ್ನು ಖಂಡಿಸಲು ಸುಮಾರು 248ರಲ್ಲಿ ಒರಿಜೆನ್ ಬರೆದ ಗ್ರಂಥದಲ್ಲಿ ಅವನ ಮಾತುಗಳು ಸಿಕ್ಕುತ್ತವೆ. ಅವನ ದೂರೇನು? ಉಣ್ಣೆ ಹಿಂಜುವವರು, ಚಪ್ಪಲಿ ಹೊಲಿಯುವವರು, ಬಟ್ಟೆ ಮಡಿ ಮಾಡುವವರು, ಓದು ಬರಹ ಇಲ್ಲದ ಹಳ್ಳಿಗರು, ಇಂಥವರು ಈ ಕೂಟದ ಗುರುಗಳು. ಯಜಮಾನರ ಎದುರಿಗೆ ಬಾಯಿ ಬಿಡಲು ಧೈರ್ಯವಿಲ್ಲದ ಇವರು ಮಕ್ಕಳನ್ನೂ ಹೆಂಗಸರನ್ನೂ ಮರೆಗೆ ಕರೆದು, ಅಪ್ಪನ ಮಾತು ಗುರುವಿನ ಮಾತು ಕೇಳಬೇಡಿ, ಚಮ್ಮಾರನ ಅಂಗಡಿಗೆ ಬನ್ನಿ, ಅಲ್ಲಿ ನಿಜ ತಿಳಿಯುತ್ತದೆ ಎನ್ನುತ್ತಾರೆ. ಇದು ಅವನ ತಕರಾರಿನ ಸಾರ.

ನಾನು ಇದನ್ನು ಮೊದಲು ಓದಿದಾಗ ನಕ್ಕುಬಿಟ್ಟೆ. ಕೆಲ್ಸಸ್ ನಿಂದೆ ಎಂದು ಬರೆದದ್ದು ನನಗೆ ವಂಶಾವಳಿಯ ಹಾಗೆ ಕಂಡಿತು. ಕಲ್ಯಾಣದ ಹರಳಯ್ಯ, ಮಡಿವಾಳ ಮಾಚಯ್ಯನವರನ್ನು ಬಲ್ಲ ಕನ್ನಡದವರಿಗೆ ಈ ಪಟ್ಟಿ ಹೊಸದಲ್ಲ. ಚಮ್ಮಾರನ ಅಂಗಡಿಯಲ್ಲಿ ಜ್ಞಾನ ಸಿಗುತ್ತದೆ ಎಂಬುದೇ ಯಜಮಾನರಿಗೆ ದೊಡ್ಡ ಭಯ. ದೇವರು ಯಾರು ಎಂಬುದು ಅವರ ನಿಜವಾದ ತಕರಾರಲ್ಲ.

3

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೊದಲ ಕ್ರೈಸ್ತರೆಲ್ಲ ಗುಲಾಮರು, ಬಡವರು ಎಂದು ನಾವು ಖುಷಿಯಿಂದ ಹೇಳಿಬಿಡುತ್ತೇವೆ. ವಿದ್ವಾಂಸರಲ್ಲಿ ಈ ಬಗ್ಗೆ ಜಗಳವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೈಸ್ಮನ್ ಇದನ್ನು ಕೆಳವರ್ಗಗಳ ಚಳವಳಿ ಎಂದು ಓದಿದರು. 1983ರಲ್ಲಿ ವೇಯ್ನ್ ಮೀಕ್ಸ್, ಅದು ನಗರದ ಹಲವು ವರ್ಗಗಳು ಕಲೆತ ಗುಂಪು ಎಂದರು. ಎಲ್ಲ ಅಂತಸ್ತಿನವರೂ ಇದಕ್ಕೆ ಸೇರುತ್ತಿದ್ದಾರೆ ಎಂದು ಪ್ಲಿನಿಯೇ ಬರೆದಿದ್ದಾನೆ. ನನಗೆ ಮುಖ್ಯವಾದದ್ದು ತಲೆಎಣಿಕೆಯಲ್ಲ. ಬೇರೆ ಬೇರೆ ಅಂತಸ್ತಿನವರು ಒಂದೇ ಮನೆಯಲ್ಲಿ ಸೇರಿದಾಗ ಊಟದ ಮುಂದೆ ಏನಾಯಿತು ಎಂಬುದು.

ಏನಾಯಿತೆಂದು ಪೌಲನ ಪತ್ರವೇ ಹೇಳುತ್ತದೆ. 50ರ ದಶಕದಲ್ಲಿ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯ ನೋಡಿ. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮುಂಚೆಯೇ ಉಂಡು ಕುಡಿದು ಮುಗಿಸುತ್ತಾರೆ, ಇಲ್ಲದವರು ಹಸಿದೇ ಇರುತ್ತಾರೆ, ಇಲ್ಲದವರಿಗೆ ಹೀಗೆ ಅವಮಾನ ಮಾಡುತ್ತೀರಾ ಎಂದು ಪೌಲ ಗದರುತ್ತಾನೆ. ಏಸು ಸತ್ತು ಇನ್ನೂ ಮೂವತ್ತು ವರ್ಷ ಆಗಿಲ್ಲ, ಆಗಲೇ ಪಂಕ್ತಿಭೇದ! ಮಠದ ಊಟದ ಸಾಲು ಕಂಡ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇರುವುದು ಅದನ್ನು ಧರ್ಮದ ಪ್ರಶ್ನೆಯಾಗಿ ಮಾಡಿ ಗದರಿದ್ದರಲ್ಲಿ. ನಮ್ಮ ಶಾಸ್ತ್ರಗಳು ಪಂಕ್ತಿಭೇದವನ್ನು ವಿಧಿಸಿದವು. ಅಲ್ಲಿ ಅದು ದೈವದ್ರೋಹವಾಯಿತು.

ಆದರೆ ಅದೇ ಪೌಲ ಒನೇಸಿಮನೆಂಬ ಗುಲಾಮನನ್ನು ಅವನ ಯಜಮಾನ ಫಿಲೆಮೋನನ ಬಳಿಗೇ ವಾಪಸು ಕಳಿಸಿದ. ಸಹೋದರನಂತೆ ಕಾಣು ಎಂದು ಕೇಳಿಕೊಂಡ. ಬಿಡುಗಡೆ ಮಾಡಲೇಬೇಕು ಎಂದು ಕಟ್ಟುಮಾಡಲಿಲ್ಲ. ಗುಲಾಮರೇ ಒಡೆಯರಿಗೆ ವಿಧೇಯರಾಗಿರಿ ಎಂಬ ಉಪದೇಶವೂ ಆ ಪುಸ್ತಕದಲ್ಲೇ ಇದೆ. ಊಟದಲ್ಲಿ ಸಮಾನ, ದುಡಿಮೆಯಲ್ಲಿ ಗುಲಾಮ. ಈ ಬಿರುಕು ಬುನಾದಿಯಲ್ಲೇ ಇತ್ತು.

ಈಗ ಮಣ್ಣಿನ ಮಾತಿಗೆ ಬರೋಣ. ರೋಮ್ ಸಾಮ್ರಾಜ್ಯದಲ್ಲಿ ಬಡವರ ದೊಡ್ಡ ಭಯ ದಿಕ್ಕಿಲ್ಲದ ಹೆಣವಾಗುವುದು. ಅದಕ್ಕೇ ಅವರು ಸಂಸ್ಕಾರದ ಸಂಘಗಳನ್ನು ಕಟ್ಟಿಕೊಂಡು ತಿಂಗಳಿಗಿಷ್ಟು ಎಂದು ಚೀಟಿ ಹಣ ಕಟ್ಟುತ್ತಿದ್ದರು. ಲನುವಿಯಂ ಎಂಬ ಊರಿನ ಇಂಥ ಒಂದು ಸಂಘದ ನಿಯಮಗಳು ಕಲ್ಲಿನಲ್ಲಿ ಸಿಕ್ಕಿವೆ, ಕಾಲ ಕ್ರಿ.ಶ. 136. ಅದು ಕ್ರೈಸ್ತರದ್ದಲ್ಲ, ಡಯಾನಾ ದೇವಿಯ ಒಕ್ಕಲಿನದು. ಅದರಲ್ಲೊಂದು ನಿಯಮವಿದೆ. ಸದಸ್ಯನಾದ ಗುಲಾಮ ಸತ್ತು, ಒಡೆಯ ಹೆಣ ಕೊಡಲು ಒಪ್ಪದಿದ್ದರೆ ಅವನ ಬೊಂಬೆಯನ್ನಿಟ್ಟು ಸಂಸ್ಕಾರ ಮಾಡತಕ್ಕದ್ದು. ಹೆಣದ ಮೇಲೂ ಒಡೆಯನ ಹಕ್ಕಿದ್ದ ಕಾಲದಲ್ಲಿ ಬಡವರು ಬೊಂಬೆ ಮಾಡಿಯಾದರೂ ತಮ್ಮವನನ್ನು ಕಳಿಸಿಕೊಡುತ್ತಿದ್ದರು. ನಮ್ಮ ಕೇರಿಗಳಲ್ಲಿ ಇಂದಿಗೂ ನಡೆಯುವ ಸಾವಿನ ಚೀಟಿಯ ಅಣ್ಣತಮ್ಮ ಇದು.

ಕ್ರೈಸ್ತ ಪಂಥ ಬೆಳೆದದ್ದು ಈ ಹಸಿವಿನ ಮೇಲೆ, ಈ ಭಯದ ಮೇಲೆ. ಸಭೆಯ ಹುಂಡಿಯ ಹಣ ಬಡವರ ಊಟಕ್ಕೆ, ಬಡವರ ಮಣ್ಣಿಗೆ ಹೋಗುತ್ತದೆ ಎಂದು ಸುಮಾರು 197ರಲ್ಲಿ ಟೆರ್ಟುಲಿಯನ್ ಬರೆದ. ರೋಮಿನ ಸಭೆಗೆ ತನ್ನದೇ ಸ್ಮಶಾನವಿತ್ತು. ಅದರ ಉಸ್ತುವಾರಿಗೆ ಇದ್ದವನು ಕಲಿಸ್ತುಸ್. ಹುಟ್ಟಿನಿಂದ ಗುಲಾಮ, ಒಮ್ಮೆ ಶಿಕ್ಷೆಯಾಗಿ ಸಾರ್ಡೀನಿಯಾದ ಗಣಿಗೆ ತಳ್ಳಿಸಿಕೊಂಡವನು. 217ರ ಸುಮಾರಿಗೆ ಅವನು ರೋಮಿನ ಬಿಷಪ್ಪನಾದ. ಇವತ್ತು ಪೋಪ್ ಎನ್ನುತ್ತೇವಲ್ಲ, ಆ ಪೀಠ. ಗಣಿಯ ದೂಳು ಕುಡಿದವನು, ಸ್ಮಶಾನ ಕಾದವನು ಆ ಪೀಠದ ಮೇಲೆ ಕೂತ. ಅವನನ್ನು ಸಹಿಸದ ಹಿಪ್ಪೊಲಿಟಸ್ ಎಂಬ ವಿದ್ವಾಂಸ ಅವನ ಗುಲಾಮಗಿರಿಯ ಕಥೆಯನ್ನು ಹೀಯಾಳಿಸಿ ಬರೆದ. ಆ ಹೀಯಾಳಿಕೆಯಿಂದಲೇ ನಮಗೆ ಇದೆಲ್ಲ ತಿಳಿದಿರುವುದು. ಕೆಳಗಿನವರ ಚರಿತ್ರೆ ಎಷ್ಟೋ ಸಲ ಉಳಿಯುವುದು ವೈರಿಗಳ ಬಾಯಲ್ಲಿ.

ನಾಲ್ಕನೆಯ ಶತಮಾನದಲ್ಲಿ ಹಳೆಯ ದೇವತೆಗಳನ್ನು ಮತ್ತೆ ತರಲು ಹೊರಟ ಚಕ್ರವರ್ತಿ ಜೂಲಿಯನ್ 362ರ ಸುಮಾರಿಗೆ ತನ್ನ ಪುರೋಹಿತನೊಬ್ಬನಿಗೆ ಪತ್ರ ಬರೆದ. ಈ ಗಲಿಲಿಯದವರು ಯಾಕೆ ಬೆಳೆದರು ಗೊತ್ತೆ? ಪರಸ್ಥಳದವರನ್ನು ಆದರಿಸಿದ್ದರಿಂದ, ಸತ್ತವರ ಮಣ್ಣನ್ನು ಜತನ ಮಾಡಿದ್ದರಿಂದ ಎಂಬುದು ಅವನ ವಿವರಣೆಯ ಮುಖ್ಯ ಭಾಗ. ವೈರಿಯ ಬಾಯಿಂದ ಬಂದ ಈ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ನಾನು ಮತ್ತೆ ಆ ಕಮಿಟಿ ಹಿರಿಯರ ಮುಂದೆ ಕೂರಬೇಕು ಅನ್ನಿಸುತ್ತದೆ.

4

ಆಮೇಲೆ ಏನಾಯಿತು? ಪಂಥ ಸಿಂಹಾಸನ ಏರಿತು. 313ರಲ್ಲಿ ಕಾನ್‌ಸ್ಟಂಟೈನ್ ಅದಕ್ಕೆ ಮಾನ್ಯತೆ ಕೊಟ್ಟ. ಮನೆಗಳಲ್ಲಿ ಸೇರುತ್ತಿದ್ದ ಜನಕ್ಕೆ ಬೆಸಿಲಿಕಾಗಳು ಬಂದವು. ಬೆಸಿಲಿಕಾ ಅಂದರೆ ಅಧಿಕಾರಿಗಳು ದರ್ಬಾರು ನಡೆಸುವ ಹಜಾರದ ಮಾದರಿ. ಊಟದ ಸುತ್ತ ಕೂತಿದ್ದವರು ಈಗ ಪೀಠದ ಎದುರು ನಿಂತರು. ಸುಮಾರು 340ರಲ್ಲಿ ಗಂಗ್ರಾದ ಸಭೆ, ಭಕ್ತಿಯ ನೆಪದಲ್ಲಿ ಒಡೆಯನನ್ನು ಬಿಟ್ಟುಹೋಗೆಂದು ಗುಲಾಮನಿಗೆ ಕಲಿಸುವವರಿಗೆ ಬಹಿಷ್ಕಾರ ಹಾಕಿತು. 380ರ ಥೆಸಲೊನೀಕದ ಆಜ್ಞೆ ಒಂದು ನಂಬಿಕೆಯನ್ನು ಸಾಮ್ರಾಜ್ಯದ ಧರ್ಮವೆಂದು ಸಾರಿ, ಉಳಿದವರು ಸೇರುವ ಜಾಗಗಳಿಗೆ ಚರ್ಚು ಎಂಬ ಹೆಸರೂ ಸಲ್ಲದು ಎಂದಿತು. 385ರ ಸುಮಾರಿಗೆ ಟ್ರಿಯರ್‌ನಲ್ಲಿ ಪ್ರಿಸಿಲಿಯನ್ ಎಂಬ ಬಿಷಪ್ಪನ ತಲೆ ತೆಗೆಯಲಾಯಿತು. ಮಾಟದ ಆರೋಪ ಹೊರಿಸಿ, ಕ್ರೈಸ್ತ ಪ್ರಭುತ್ವವೇ ಕ್ರೈಸ್ತ ಪಂಥದವನನ್ನು ಕೊಂದಿತು. ಪ್ಲಿನಿ ಎತ್ತಿದ ಕೋಲು ಮೂರು ಶತಮಾನ ತುಂಬುವ ಮೊದಲೇ ಪೆಟ್ಟು ತಿಂದವರ ಕೈಗೆ ಬಂದಿತ್ತು.

ನನ್ನ ಮಾತು ಇಷ್ಟು. ಪಂಥವಾಗಿದ್ದಾಗ ಕ್ರೈಸ್ತ ಸಮುದಾಯಕ್ಕೆ ಮಾನವಿತ್ತು. ಅದು ಬೇರೆಯವರನ್ನು ಪಂಥ ಎನ್ನಲು ಶುರು ಮಾಡಿದ ದಿನ ತನ್ನ ಹುಟ್ಟನ್ನು ಮರೆಯಿತು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿಯಿತೆಂದು ಹೇಳುವ ಪರಂಪರೆಯೇ ಮುಂದೆ ಜಾತಿಗೊಂದು ಮಠ ಕಟ್ಟಿಕೊಂಡದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

5

ಭಾರತದ ನೆಲಕ್ಕೆ ಬಂದಾಗ ಈ ಮರೆವಿಗೆ ಜಾತಿಯೆಂಬ ಹೊಸ ಬಟ್ಟೆ ಸಿಕ್ಕಿತು. 1606ರಲ್ಲಿ ಮಧುರೆಗೆ ಬಂದ ಜೆಸ್ಯೂಟ್ ಪಾದ್ರಿ ರಾಬರ್ಟ್ ದಿ ನೊಬಿಲಿ ಕಾವಿ ಉಟ್ಟು, ಸಂನ್ಯಾಸಿಯಾಗಿ, ಬ್ರಾಹ್ಮಣರ ಮುಂದೆ ಕೂತ. ಜನಿವಾರ, ಜುಟ್ಟು, ಗಂಧ ಇವೆಲ್ಲ ಬರೀ ಲೋಕಾಚಾರ, ಕ್ರೈಸ್ತರಾದವರೂ ಇಟ್ಟುಕೊಳ್ಳಬಹುದು ಎಂದು ವಾದಿಸಿದ. 1623ರಲ್ಲಿ ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟರು. ಕೆಳಜಾತಿಗಳ ನಡುವೆ ಓಡಾಡಲು 1640ರ ಸುಮಾರಿನಿಂದ ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳು ಬಂದರು. ದೇವರು ಒಬ್ಬ, ಪಾದ್ರಿಗಳು ಜಾತಿಗೊಬ್ಬರು. ತಿರುನಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಚರ್ಚಿಗೆ ಎರಡು ಕವಲು. ಎರಡು ಗುಂಪುಗಳು ಒಂದರ ಮುಖ ಒಂದು ನೋಡದೆ ಒಂದೇ ಪೂಜಾಪೀಠ ನೋಡಬೇಕು. ಜನ ಅದಕ್ಕೆ ಷರಾಯಿ ಚರ್ಚು ಎಂದು ಹೆಸರಿಟ್ಟರು. ತಿರುಚಿರಾಪಳ್ಳಿಯ ಮೇಲಪುದೂರಿನ ಕೆಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣಗಳನ್ನು ಬೇರೆ ಮಾಡಿದ ಗೋಡೆಯ ವಿರುದ್ಧ ದಲಿತ ಕ್ರೈಸ್ತರು ವರ್ಷಗಟ್ಟಲೆ ಹೋರಾಡಿದ್ದಾರೆ. ಸತ್ತವರ ಮಣ್ಣನ್ನು ಜತನ ಮಾಡಿ ಬೆಳೆದ ಪಂಥ ಸತ್ತವರ ನಡುವೆ ಗೋಡೆ ಎತ್ತಿತು.

ಎಲ್ಲರೂ ಹಾಗೇ ಎಂದರೆ ಅದೂ ಸುಳ್ಳಾಗುತ್ತದೆ. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಲ್ಲಿ ಜಾತಿಭೇದ ಬಿಡಲೇಬೇಕು ಎಂದರು. ತಂಜಾವೂರಿನ ಮೇಲ್ಜಾತಿ ಕ್ರೈಸ್ತರು ಸಭೆ ಬಿಟ್ಟರು, ಜಾತಿ ಬಿಡಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜಾತಿಯ ವಿಷಯದಲ್ಲಿ ಗಟ್ಟಿಯಾಗಿದ್ದರು. ಮತಾಂತರವಾದವರಿಗೆ ಊರಿನಲ್ಲಿ ಕೆಲಸ ತಪ್ಪುತ್ತಿತ್ತು, ಅದಕ್ಕೆ ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. 1850ರ ದಶಕದಲ್ಲಿ ಮೋಗ್ಲಿಂಗರು ಕೊಡಗಿನಲ್ಲಿ ಜೀತದ ಹೊಲೆಯರಿಗಾಗಿ ಆನಂದಪುರ ಎಂಬ ನೆಲೆ ಕಟ್ಟಿದರು. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮೋಗ್ಲಿಂಗ್ ಎಂದರೆ 1843ರ ಮಂಗಳೂರು ಸಮಾಚಾರ, ಕಿಟೆಲ್ ಎಂದರೆ 1894ರ ನಿಘಂಟು. ಆನಂದಪುರದ ಹೊಲೆಯರನ್ನು ನಮ್ಮ ಪಠ್ಯಗಳು ನೆನೆಯುವುದೇ ಅಪರೂಪ. ಪದಗಳನ್ನು ಉಳಿಸಿಕೊಂಡೆವು, ಜನರನ್ನು ಬಿಟ್ಟುಬಿಟ್ಟೆವು.

ಇಲ್ಲಿ ಪೊಯ್ಕಯಿಲ್ ಯೋಹನ್ನಾನರನ್ನು ನೆನೆಯಬೇಕು. 1879ರಲ್ಲಿ ತಿರುವಾಂಕೂರಿನ ಇರವಿಪೇರೂರಿನಲ್ಲಿ ಪರಯರ ಮನೆಯಲ್ಲಿ ಹುಟ್ಟಿದವರು. 1855ರವರೆಗೂ ಆ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಮಾತಾಗಿತ್ತು. ಯೋಹನ್ನಾನ್ ಮಾರ್ತೋಮಾ ಸಭೆ ಸೇರಿದರು, ಬೋಧಕರಾದರು. ಅಲ್ಲಿ ಸಿರಿಯನ್ ಕ್ರೈಸ್ತ ಜಮೀನುದಾರ ಒಂದು ಕಡೆ, ಅವನ ಆಳು ಇನ್ನೊಂದು ಕಡೆ. ಬೇರೆ ಸಭೆಗೆ ಹೋದರು. ಅಲ್ಲೂ ಅದೇ. 1909ರ ಸುಮಾರಿಗೆ ಪ್ರತ್ಯಕ್ಷ ರಕ್ಷಾ ದೈವ ಸಭೆಯನ್ನು ತಾವೇ ಕಟ್ಟಿದರು. ಬೈಬಲ್ಲಿನಲ್ಲಿ ತಮ್ಮ ಜನರ ಕಥೆ ಇಲ್ಲ ಎಂಬುದು ಅವರ ವಾದ. ಮಾರಲ್ಪಟ್ಟ ಗುಲಾಮ ತಾಯ್ತಂದೆಯರನ್ನು, ಚದುರಿಹೋದ ಮಕ್ಕಳನ್ನು ನೆನೆದು ಅಳುವುದನ್ನೇ ಆರಾಧನೆ ಮಾಡಿದರು. ಚರ್ಚುಗಳ ಲೆಕ್ಕದಲ್ಲಿ ಇದು ಅಪ್ಪಟ ಪಂಥ. ಆದರೆ ಜನ ಅವರ ಹಿಂದೆ ಹೋದರು, ಅವರು 1921ರಲ್ಲೂ 1931ರಲ್ಲೂ ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾದರು. ಗಲಿಲಿಯ ಪಂಥ ರೋಮಿನಲ್ಲಿ ಮಾಡಿದ ಕೆಲಸವನ್ನು ಇರವಿಪೇರೂರಿನ ಪಂಥ ಚರ್ಚಿನ ಎದುರೇ ನಿಂತು ಮಾಡಿತು.

6

ಹಾಗಾದರೆ ಪಂಥ ಎಂದವರೆಲ್ಲ ಸುಳ್ಳರು, ಪಂಥವೆಲ್ಲ ಬಿಡುಗಡೆಯೇ? ಹಾಗೆ ಹೇಳಿದರೆ ಹುಡುಗನಿಗೆ ನಾನು ಮೋಸ ಮಾಡಿದಂತೆ. 1978ರ ನವೆಂಬರಿನಲ್ಲಿ ಗಯಾನಾದ ಕಾಡಿನಲ್ಲಿ ಜಿಮ್ ಜೋನ್ಸನ ಕೂಟದ 900ಕ್ಕೂ ಹೆಚ್ಚು ಜನ ಸತ್ತರು. ಮಕ್ಕಳಿಗೆ ವಿಷ ಕುಡಿಸಲಾಯಿತು. ಸತ್ತವರಲ್ಲಿ ಹೆಚ್ಚಿನವರು ಅಮೆರಿಕದ ಕರಿಯರು. ಕರಿಯರೂ ಬಿಳಿಯರೂ ಕೂಡಿ ಬದುಕುವ ಜಾಗ ಇದೆಂದು ನಂಬಿ ಹೋದವರು. ಸಮಾನತೆಯ ಹಸಿವೇ ಅವರನ್ನು ಕರೆದೊಯ್ದಿತು. ಆ ಹಸಿವನ್ನೇ ಒಬ್ಬ ಬಂಡವಾಳ ಮಾಡಿಕೊಂಡ. ನಮ್ಮ ಕೇರಿಗಳಿಗೂ ರೋಗ ಬಿಡಿಸುತ್ತೇನೆ ಎಂದು ಹೇಳಿ ಮಾತ್ರೆ ನಿಲ್ಲಿಸುವವರು ಬರುತ್ತಾರೆ, ಕೂಲಿಯಲ್ಲಿ ದಶಮಾಂಶ ಕಿತ್ತುಕೊಳ್ಳುವವರು ಬರುತ್ತಾರೆ. ಅತ್ತೆಯ ಕೂಟದ ಬಗ್ಗೆಯೂ ನನಗೆ ಸಿಟ್ಟಿತ್ತು. ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಉಪವಾಸದ ದಿನ ನುಂಗುತ್ತಿರಲಿಲ್ಲ.

ಆದ್ದರಿಂದ ಒಂದು ಒರೆಗಲ್ಲು ಬೇಕು. ನನ್ನದು ಸಾದಾ: ಬಾಗಿಲು. ಒಳಗೆ ಹೋದವನು ತನ್ನಿಷ್ಟಕ್ಕೆ ಹೊರಗೆ ಬರಬಲ್ಲನೇ? ಒಳಗೆ ಇದ್ದುಕೊಂಡೇ ಪ್ರಶ್ನೆ ಕೇಳಬಲ್ಲನೇ? ಹುಂಡಿಯ ಲೆಕ್ಕ ಎಲ್ಲರಿಗೂ ಕಾಣುತ್ತದೆಯೇ? ಸತ್ತರೆ ಮಣ್ಣು ಸಿಗುತ್ತದೆಯೇ? ಗಯಾನಾದಲ್ಲಿ ಬಾಗಿಲಿಗೆ ಬಂದೂಕು ಇತ್ತು. ಇದೇ ಒರೆಗಲ್ಲಿಗೆ ಜಾತಿಯನ್ನು ಹಚ್ಚಿ ನೋಡಿ. ಹುಟ್ಟಿನಿಂದಲೇ ಒಳಗೆ, ಆಯ್ಕೆ ಎಂಬುದೇ ಇಲ್ಲ. ಹೊರಗೆ ಹೋದರೂ ಬೆನ್ನಟ್ಟಿ ಬರುತ್ತದೆ, ಚರ್ಚಿನೊಳಕ್ಕೂ ಬರುತ್ತದೆ, ಗೋರಿಯೊಳಕ್ಕೂ ಬರುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ಭದ್ರವಾದ ಕೂಟ ಇನ್ನೊಂದಿದೆಯೇ? ಆದರೆ ಇದನ್ನು ಯಾರೂ ಕಲ್ಟ್ ಎನ್ನುವುದಿಲ್ಲ. ಸಂಸ್ಕೃತಿ ಅನ್ನುತ್ತಾರೆ.

ಅಂಬೇಡ್ಕರ್ ಈ ಎರಡೂ ಕಡೆ ನೋಡಿದ್ದರು. ಅವರ ಕಾಲಾನಂತರ ಪ್ರಕಟವಾದ ಬರಹಗಳಲ್ಲಿ ಮತಾಂತರಗೊಂಡ ಅಸ್ಪೃಶ್ಯನ ಸ್ಥಿತಿಯನ್ನು ನಿಷ್ಠುರವಾಗಿ ವಿವೇಚಿಸಿದ್ದಾರೆ. ಚರ್ಚು ಅವನಿಗೆ ಶಾಲೆ ಆಸ್ಪತ್ರೆ ಕೊಟ್ಟಿತು, ಅವನೊಳಗಿನ ಜಾತಿಯನ್ನು ತೆಗೆಯಲಿಲ್ಲ. ನಿನ್ನ ಪತನಕ್ಕೆ ನಿನ್ನ ಪಾಪವೇ ಕಾರಣ ಎಂದು ಅವನಿಗೆ ಬೋಧಿಸಿತು. ಬೇರೆಯವರು ಅವನಿಗೆ ಮಾಡಿದ ಅನ್ಯಾಯದಿಂದ ಅವನು ಕೆಳಗೆ ಬಿದ್ದದ್ದು ಎಂಬುದನ್ನು ಹೇಳಿಕೊಡಲಿಲ್ಲ. ಇದು ಅವರ ತಕರಾರಿನ ಸಾರ. ಈ ತಕರಾರಿಗೆ ಚರ್ಚುಗಳು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಆದರೂ ಮತ ಬದಲಿಸುವ ಹಕ್ಕನ್ನು ಅವರು ಎಂದೂ ಬಿಟ್ಟುಕೊಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಮಾಡಿದ್ದು ಆ ಹಳೆಯ ಗ್ರೀಕ್ ಪದದ ಮೂಲ ಅರ್ಥವನ್ನೇ, ಆಯ್ಕೆ.

ಈ ಆಯ್ಕೆಗೆ ಪ್ರಭುತ್ವ ಬೆಲೆ ಕಟ್ಟಿದೆ. ಪರಿಶಿಷ್ಟ ಜಾತಿಗಳ 1950ರ ಆದೇಶದ ಮೂರನೆಯ ಪ್ಯಾರಾ ಹಿಂದೂ ಅಲ್ಲದವನನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಸೂಸೈ ಪ್ರಕರಣ ನೆನೆಯಿರಿ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆಯಂಗಡಿ ಕೊಟ್ಟಾಗ ಇವರಿಗೆ ಸಿಗಲಿಲ್ಲ, ಕ್ರೈಸ್ತರೆಂಬ ಕಾರಣಕ್ಕೆ. 1985ರಲ್ಲಿ ಸುಪ್ರೀಂ ಕೋರ್ಟು, ಮತಾಂತರದ ನಂತರವೂ ಜಾತಿಯ ಸಂಕಟ ಅಷ್ಟೇ ತೀವ್ರವಾಗಿದೆ ಎಂಬುದಕ್ಕೆ ಸಾಕ್ಷ್ಯ ಸಾಲದು ಎಂದಿತು. ಕೆಲ್ಸಸ್ ಹೆದರಿದ ಚಮ್ಮಾರನ ಅಂಗಡಿ ಹದಿನೆಂಟು ಶತಮಾನ ದಾಟಿ ಮದ್ರಾಸಿನ ರಸ್ತೆಬದಿಗೆ ಬಂದಾಗ ಅದಕ್ಕೊಂದು ಪೆಟ್ಟಿಗೆಯೂ ಸಿಗಲಿಲ್ಲ.

ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆಯನ್ನೂ ಹೀಗೇ ಓದಬೇಕು. ಸಾಮಾನ್ಯ ಪ್ರಕರಣಕ್ಕೆ ಮೂರರಿಂದ ಐದು ವರ್ಷ ಶಿಕ್ಷೆ. ಮತಾಂತರವಾದವರು ಅಪ್ರಾಪ್ತರು, ಬುದ್ಧಿ ಸ್ಥಿಮಿತವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರಾಗಿದ್ದರೆ ಹತ್ತು ವರ್ಷದವರೆಗೆ. 2023ರ ಜೂನಿನಲ್ಲಿ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಇರಲಿ, ಆ ಪಟ್ಟಿಯನ್ನು ಮರೆಯಬೇಡಿ. ಮಕ್ಕಳು, ಹೆಂಗಸರು, ನಾವು. ಕೆಲ್ಸಸ್‌ನ ಪಟ್ಟಿಯೂ ಇದೇ ಅಲ್ಲವೇ? ನಿಮಗೆ ಬುದ್ಧಿ ಇಲ್ಲ, ನಿಮ್ಮನ್ನು ಯಾರೋ ಕೆಡಿಸುತ್ತಿದ್ದಾರೆ ಎಂಬ ಕನಿಕರದ ಧ್ವನಿ. ನಾವು ದೇವರನ್ನು ಆರಿಸಿಕೊಳ್ಳಲಾರೆವು, ದೇವರ ಹೆಸರಿನಲ್ಲಿ ಬಾಚಲು ಮಲ ಮಾತ್ರ ನಮ್ಮದು ಎಂದು ಆ ಕನಿಕರದ ಅರ್ಥ.

7

ಹುಡುಗನಿಗೆ ಉತ್ತರ ಕೊಡಬೇಕು. ಕ್ರೈಸ್ತ ಪಂಥವೇ? ಹೌದಪ್ಪಾ, ಪಂಥವಾಗಿಯೇ ಹುಟ್ಟಿತು. ಬುದ್ಧನದೂ ಹಾಗೇ, ಶರಣರದೂ ಹಾಗೇ. ಅದರಲ್ಲಿ ನಾಚಿಕೆಯಿಲ್ಲ. ಆದರೆ ಯಾರಾದರೂ ನಿನ್ನೆದುರು ಆ ಪದ ಎತ್ತಿದರೆ ಎರಡು ಪ್ರಶ್ನೆ ಕೇಳು. ಹೇಳುತ್ತಿರುವವನು ಎಲ್ಲಿ ಕೂತಿದ್ದಾನೆ? ಆ ಕೂಟಕ್ಕೆ ಹೊರಬಾಗಿಲು ಇದೆಯೇ? ಎರಡನ್ನೂ ಕೇಳು. ಮೊದಲನೆಯದನ್ನಷ್ಟೇ ಕೇಳಿದರೆ ಮೋಸ ಮಾಡುವ ಪಾದ್ರಿ ತಪ್ಪಿಸಿಕೊಳ್ಳುತ್ತಾನೆ. ಎರಡನೆಯದನ್ನಷ್ಟೇ ಕೇಳಿದರೆ ಯಜಮಾನ ತಪ್ಪಿಸಿಕೊಳ್ಳುತ್ತಾನೆ.

ಅತ್ತೆಯನ್ನು ಕೊನೆಗೆ ನಮ್ಮ ಚಿಕ್ಕಪ್ಪ ಸಾಗುವಳಿ ಮಾಡುತ್ತಿದ್ದ ಬಗರ್‌ಹುಕುಂ ಜಮೀನಿನ ಅಂಚಿನಲ್ಲಿ, ನೀಲಗಿರಿ ಮರಗಳ ಸಾಲಿನಲ್ಲಿ ಇಟ್ಟೆವು. ಹಕ್ಕುಪತ್ರವಿಲ್ಲದ ಭೂಮಿ. ಗುಂಡಿ ತೋಡುವಾಗ ಬೇರು ಅಡ್ಡ ಬಂದು ಮಧ್ಯಾಹ್ನವಾಯಿತು. ಪ್ರಾರ್ಥನೆ ಮನೆಯಿಂದ ಇಪ್ಪತ್ತು ಜನ ಒಂದು ಟೆಂಪೋದಲ್ಲಿ ಬಂದಿದ್ದರು. ಕೇರಿಯ ಗಂಡಸರು ತಮಟೆ ತಂದಿದ್ದರು. ಪಾಸ್ಟರು ತಮಟೆ ಬೇಡ ಅಂದರು, ಚಿಕ್ಕಪ್ಪ ಬೇಕು ಅಂದರು. ಸ್ವಲ್ಪ ಹೊತ್ತು ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪ್ರಾರ್ಥನೆ ಮುಗಿಯುವ ತನಕ ತಮಟೆ ಸುಮ್ಮನಿತ್ತು, ಮಣ್ಣು ಎಳೆಯುವಾಗ ಬಾರಿಸಿದರು. ಆಮೇಲೆ ಆ ಟೆಂಪೋದವರು ತಂದಿದ್ದ ಅನ್ನ ಸಾರನ್ನು ಎಲ್ಲರೂ ಅಲ್ಲೇ, ಮರಗಳ ಕೆಳಗೆ ಕೂತು ಉಂಡೆವು.